ಹೇಳಿ ಮಾಡಿಸಿದ ಕತ್ತಿ ಮತ್ತು ಜಾಲತಾಣ: ಭೌತಿಕ ಸಂಸ್ಕೃತಿಯ ದೃಷ್ಟಿಯಿಂದ ಒಂದು ವಿಮರ್ಶೆ

ಕನ್ನಡದಲ್ಲಿ ‘ಹೇಳಿ ಮಾಡಿಸಿದ ಹಾಗಿದೆ’ ಎಂಬ ನುಡಿಗಟ್ಟು ವ್ಯಾಪಕ ಬಳಕೆಯಲ್ಲಿದೆ. ವಸ್ತುವೊಂದು ತನ್ನ ಉದ್ದೇಶಕ್ಕೆ ಪೂರ್ಣವಾಗಿ ಹೊಂದಿಕೊಂಡಾಗ, ವ್ಯಕ್ತಿಯೊಬ್ಬ ತನಗೆ ದೊರೆತ ಹೊಣೆಗೆ ಸರಿಯಾಗಿ ಒಪ್ಪಿದಾಗ ಈ ಮಾತನ್ನು ಆಡುತ್ತೇವೆ. ನುಡಿಗಟ್ಟನ್ನು ಬಿಡಿಸಿ ನೋಡಿದರೆ ಅದರಲ್ಲಿ ಹೇಳುವುದು ಮತ್ತು ಮಾಡಿಸುವುದು ಎಂಬ ಎರಡು ಕ್ರಿಯೆಗಳಿವೆ. ಕೊಳ್ಳುವುದು ಎಂಬ ಕ್ರಿಯೆ ಅಲ್ಲಿಲ್ಲ. ಬಳಸುವವನಿಗೆ ತನ್ನ ಕೆಲಸ ಗೊತ್ತಿರುತ್ತದೆ, ಮಾಡುವವನಿಗೆ ಕಬ್ಬಿಣದ ಗುಣ ಗೊತ್ತಿರುತ್ತದೆ. ಈ ಎರಡು ತಿಳಿವಳಿಕೆಗಳು ಮಾತಿನ ಮೂಲಕ ಕೂಡಿ ವಸ್ತುವಾಗುತ್ತವೆ ಎಂಬ ಗ್ರಾಮೀಣ ಉತ್ಪಾದನಾ ಪದ್ಧತಿಯ ಸಾರವನ್ನು ಈ ನುಡಿಗಟ್ಟು ಉಳಿಸಿಕೊಂಡಿದೆ.

ಇಂದು ಕೈಯಿಂದ ಕತ್ತಿ ಮಾಡುವವರು ತಮ್ಮ ಕೆಲಸವನ್ನು ಜಾಲತಾಣಗಳ ಮೂಲಕ ಜನರ ಮುಂದಿಡುತ್ತಿದ್ದಾರೆ. ಕುಲುಮೆಗೂ ಬಳಕೆದಾರನಿಗೂ ನಡುವೆ ನೂರಾರು ಕಿಲೋಮೀಟರುಗಳ ಅಂತರವಿರುವಾಗ ಇದು ಅನಿವಾರ್ಯವೂ ಹೌದು, ಉಪಯುಕ್ತವೂ ಹೌದು. ಆದರೆ ಈ ಜಾಲತಾಣಗಳು ‘ಹೇಳಿ ಮಾಡಿಸುವ’ ಪದ್ಧತಿಯನ್ನು ಮುಂದುವರಿಸುತ್ತಿವೆಯೇ ಅಥವಾ ಅದರ ಹೆಸರಿನಲ್ಲಿ ಬೇರೊಂದನ್ನು ಮಾಡುತ್ತಿವೆಯೇ ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನ ಇದುವರೆಗೆ ಗಂಭೀರವಾಗಿ ಎತ್ತಿಕೊಂಡಂತಿಲ್ಲ. ಕೊಡಗಿನ ಪೀಚೆಕತ್ತಿ ಮತ್ತು ಒಡಿಕತ್ತಿಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಕತ್ತಿ ಮಾಡುವವನ ಜಾಲತಾಣ ಹೇಗಿರಬೇಕು ಎಂಬುದನ್ನು ವಿಮರ್ಶಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಸಮಸ್ಯೆಯ ಸ್ವರೂಪ

ಬೆಂಗಳೂರಿನ ದಕ್ಷಿಣ ಭಾಗದ ಕತ್ರಿಗುಪ್ಪೆಯನ್ನು ಉದಾಹರಣೆಯಾಗಿ ನೋಡಬಹುದು. ಊರ ಹೆಸರಿನ ಮೊದಲ ಭಾಗದಲ್ಲಿ ಕತ್ತರಿಯ ಸದ್ದು ಕೇಳಿಸುತ್ತದೆ. ಆದರೆ ಸದ್ದಿನ ಸಾಮ್ಯವೊಂದನ್ನೇ ಹಿಡಿದು ಊರಿಗೆ ಕಮ್ಮಾರರ ಇತಿಹಾಸವನ್ನು ಕಟ್ಟುವುದನ್ನು ಸ್ಥಳನಾಮಶಾಸ್ತ್ರ ಒಪ್ಪುವುದಿಲ್ಲ. ಈ ಊರನ್ನು ಇಲ್ಲಿ ತೆಗೆದುಕೊಂಡಿರುವ ಕಾರಣ ಬೇರೆ. ಒಂದು ಕಾಲದ ಹಳ್ಳಿಯಾದ ಕತ್ರಿಗುಪ್ಪೆ ಇಂದು ಬನಶಂಕರಿ ಮೂರನೆಯ ಹಂತದ ಬಡಾವಣೆಗಳೊಳಗೆ ಸೇರಿಹೋಗಿದೆ. ಇದರ ಸುತ್ತಮುತ್ತಲ ಗಿರಿನಗರ, ಹೊಸಕೆರೆಹಳ್ಳಿ, ಇಟ್ಟಮಡುಗಳಲ್ಲಿ ಮಲೆನಾಡು, ಕರಾವಳಿ, ಕೊಡಗು, ಬಯಲುಸೀಮೆಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಇವರಲ್ಲಿ ಅನೇಕರ ಅಡುಗೆಮನೆಗಳಲ್ಲಿ ಊರಿನಿಂದ ತಂದ ಈಳಿಗೆಮಣೆ, ಅಡಕತ್ತರಿ, ಸಣ್ಣ ಕತ್ತಿಗಳು ಇನ್ನೂ ಉಳಿದಿವೆ. ಅವು ಸವೆದಾಗ ಅಂಥವೇ ಮತ್ತೊಂದನ್ನು ಮಾಡಿಸಲು ಹತ್ತಿರದಲ್ಲಿ ಕುಲುಮೆ ಇಲ್ಲ. ಪಾತ್ರೆ ಅಂಗಡಿಯಲ್ಲಿ ದೊರೆಯುವುದು ಕಾರ್ಖಾನೆಯ ಸ್ಟೀಲು ಚಾಕು. ಸೈಕಲ್ಲಿನ ಮೇಲೆ ಸಾಣೆಚಕ್ರ ಕಟ್ಟಿಕೊಂಡು ಬೀದಿಗೆ ಬರುವವನು ಹರಿತ ಮಾಡಿಕೊಡಬಲ್ಲ, ಹೊಸದನ್ನು ಮಾಡಿಕೊಡಲಾರ. ಹೀಗಾಗಿ ಈ ಓಣಿಗಳ ನಿವಾಸಿ ಒಂದು ಒಳ್ಳೆಯ ಕತ್ತಿ ಬೇಕೆಂದಾಗ ಕೈಗೆತ್ತಿಕೊಳ್ಳುವುದು ಮೊಬೈಲ್ ಫೋನನ್ನು.

ಅಲ್ಲಿ ಅವನಿಗೆ ಕಾಣಿಸುವುದು ಮುಖ್ಯವಾಗಿ ಎರಡು ಬಗೆಯ ಪುಟಗಳು. ಒಂದು, ನೂರಾರು ಮಾರಾಟಗಾರರ ಸರಕನ್ನು ಒಟ್ಟಿಗೆ ಪ್ರದರ್ಶಿಸುವ ದೊಡ್ಡ ಮಾರುಕಟ್ಟೆಯ ತಾಣ. ಇನ್ನೊಂದು, ಅಮೆರಿಕ ಮತ್ತು ಯುರೋಪಿನ ಚಾಕು ತಯಾರಕರ ಮಾದರಿಯನ್ನು ಅನುಸರಿಸಿ ರಚಿಸಿದ ಸ್ವತಂತ್ರ ತಾಣ. ಮೊದಲನೆಯದರಲ್ಲಿ ಮಾಡಿದವನ ಹೆಸರೇ ಇರುವುದಿಲ್ಲ. ಎರಡನೆಯದರಲ್ಲಿ ಹೆಸರಿರುತ್ತದೆ, ಆದರೆ ಊರು, ಭಾಷೆ ಮತ್ತು ಬಳಕೆಯ ಸಂದರ್ಭಗಳು ಮರೆಯಾಗಿರುತ್ತವೆ. ಈ ಎರಡು ಕೊರತೆಗಳನ್ನು ಸರಿಯಾಗಿ ಗ್ರಹಿಸಲು ಕುಲುಮೆಯ ಪದ್ಧತಿಯನ್ನು ಮೊದಲು ನೋಡಬೇಕಾಗುತ್ತದೆ.

2. ಕುಲುಮೆಯ ಪದ್ಧತಿ

ಗ್ರಾಮದ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ಕುಳ ಹಣಿಸುವುದು, ಕುಡುಗೋಲಿಗೆ ಕಕ್ಕು ಹಾಕುವುದು, ಕೊಡಲಿಗೆ ಬಾಯಿ ಕೊಡುವುದು ಮುಂತಾದ ಕೆಲಸಗಳಿಗೆ ಅವನಿಗೆ ಸುಗ್ಗಿಯಲ್ಲಿ ಧಾನ್ಯದ ರೂಪದ ಆಯ ಸಲ್ಲುತ್ತಿತ್ತು. ಈ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವ ಅಗತ್ಯವಿಲ್ಲ. ಜಾತಿಯ ಕಟ್ಟುಪಾಡು, ಆಯ ಕೊಡುವವರ ದರ್ಪ, ಕಡಿಮೆ ಪ್ರತಿಫಲ ಎಲ್ಲವೂ ಅದರಲ್ಲಿದ್ದವು. ಆದರೆ ಅದರಲ್ಲಿದ್ದ ಒಂದು ಅಂಶವನ್ನು ಗಮನಿಸಬೇಕು. ಮಾಡಿದವನೂ ಬಳಸುವವನೂ ಒಂದೇ ಊರಿನವರಾದುದರಿಂದ, ಕತ್ತಿಯ ಗುಣದೋಷ ಮಾಡಿದವನಿಗೆ ತಿಳಿಯದೆ ಉಳಿಯುತ್ತಿರಲಿಲ್ಲ. ಬಾಯಿ ಮಡಚಿದರೆ, ಅಲಗು ಮುಕ್ಕಾದರೆ ಅದು ಮರುದಿನ ಕುಲುಮೆಗೆ ಬರುತ್ತಿತ್ತು. ಅಂದರೆ ವಸ್ತುವಿನ ಸಂಗಡ ಹೊಣೆಗಾರಿಕೆಯೂ ಊರಿನಲ್ಲಿಯೇ ಉಳಿಯುತ್ತಿತ್ತು.

ಕತ್ತಿ ಮಾಡಿಸಲು ಬಂದವನು ಕುಲುಮೆಯ ಮುಂದೆ ಕುಳಿತು ಹೇಳುವ ಮಾತುಗಳಲ್ಲಿ ಅಳತೆಗಿಂತ ಕೆಲಸದ ವಿವರ ಹೆಚ್ಚಿರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯೋ, ದೋಟಿಯ ತುದಿಗೆ ಕಟ್ಟುವ ಕತ್ತಿಯೋ, ಸೊಪ್ಪು ಕಡಿಯುವುದೋ, ಬಿದಿರು ಸೀಳುವುದೋ ಎಂಬುದರ ಮೇಲೆ ಅಲಗಿನ ದಪ್ಪ, ಬಾಗು, ತೂಕ ಎಲ್ಲವೂ ನಿರ್ಧಾರವಾಗುತ್ತವೆ. ಬಳಸುವವರು ಎಡಗೈಯವರೇ, ಹೆಂಗಸರೇ, ವಯಸ್ಸಾದವರೇ ಎಂಬುದು ಹಿಡಿಯ ಗಾತ್ರವನ್ನು ನಿರ್ಧರಿಸುತ್ತದೆ. ಹಳೆಯ ಕತ್ತಿ ಜೊತೆಯಲ್ಲಿದ್ದರೆ ಅದರ ಸವೆತವೇ ಒಂದು ಹೇಳಿಕೆಯಾಗುತ್ತದೆ. ಎಲ್ಲಿ ಸವೆದಿದೆಯೋ ಅಲ್ಲಿ ಕೆಲಸ ನಡೆದಿದೆ ಎಂದು ಕಮ್ಮಾರ ಓದಿಕೊಳ್ಳುತ್ತಾನೆ.

ಕಬ್ಬಿಣದ ಆಯ್ಕೆಯೂ ಇದೇ ಮಾತಿನ ಭಾಗ. ಈಗಿನ ಕುಲುಮೆಗಳಲ್ಲಿ ಬಹುಮಟ್ಟಿಗೆ ಬಳಕೆಯಾಗುವುದು ಲಾರಿಯ ಹಳೆಯ ಕಮಾನುಪಟ್ಟಿ. ಸುಮಾರು ಶೇ. 0.5ರಿಂದ 0.6ರಷ್ಟು ಇಂಗಾಲವಿರುವ ಈ ಉಕ್ಕು ಹದ ಹಿಡಿಯುತ್ತದೆ, ಏಟಿಗೆ ಬಾಗಿ ಮತ್ತೆ ನೇರವಾಗುತ್ತದೆ, ಸುಲಭ ಬೆಲೆಗೆ ಸಿಗುತ್ತದೆ. ಕೆಂಪಗೆ ಕಾಯಿಸಿ ಬಡಿದು ರೂಪ ಕೊಟ್ಟ ಅಲಗನ್ನು ನೀರಿನಲ್ಲಿಯೋ ಎಣ್ಣೆಯಲ್ಲಿಯೋ ಅದ್ದಿದಾಗ ಅದು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಆ ಪೆಡಸನ್ನು ತಗ್ಗಿಸಲು ಅಲಗನ್ನು ಮತ್ತೆ ಹದವಾಗಿ ಕಾಯಿಸಬೇಕು. ಉಜ್ಜಿ ಬೆಳಗಿಸಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಎಂದು ಬಣ್ಣಗಳು ಅನುಕ್ರಮವಾಗಿ ಓಡುತ್ತವೆ. ತರಕಾರಿ ಹೆಚ್ಚುವ ಚಾಕುವಿಗೆ ಒಣಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಬಾಯಿ ಬಹುಕಾಲ ಉಳಿಯುತ್ತದೆ. ಕಟ್ಟಿಗೆ ಕಡಿಯುವ ಕತ್ತಿಗೆ ಇನ್ನೂ ಮುಂದಕ್ಕೆ ಬಿಡದಿದ್ದರೆ ಅಲಗು ಏಟಿಗೆ ಮುಕ್ಕಾಗುತ್ತದೆ. ಹದ ಎಂಬ ಒಂದು ಪದದಲ್ಲಿ ಅಡಗಿರುವ ಈ ತಿಳಿವಳಿಕೆಯನ್ನು ಕಮ್ಮಾರ ಪುಸ್ತಕದಿಂದ ಕಲಿಯುವುದಿಲ್ಲ. ಅವನ ಕಣ್ಣು ಅದನ್ನು ಕಲಿತಿರುತ್ತದೆ.

ಅಲನ್ ಡಂಡೆಸ್ 1964ರಲ್ಲಿ ಜಾನಪದ ಸಾಮಗ್ರಿಯ ವಿಶ್ಲೇಷಣೆಗೆ ಹೆಣಿಗೆ, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳನ್ನು ಸೂಚಿಸಿದರು. ಮೌಖಿಕ ಸಾಹಿತ್ಯಕ್ಕಾಗಿ ಸೂಚಿಸಿದ ಈ ವಿಭಾಗವನ್ನು ಕತ್ತಿಗೆ ಅನ್ವಯಿಸುವುದಾದರೆ, ಕಬ್ಬಿಣ ಮತ್ತು ಹದ ಅದರ ಹೆಣಿಗೆ, ಆಕಾರ ಅದರ ಪಠ್ಯ, ಕೆಲಸ ಮತ್ತು ಆಚರಣೆ ಅದರ ಸಂದರ್ಭ. ಕುಲುಮೆಯ ಮಾತಿನಲ್ಲಿ ಈ ಮೂರೂ ಒಟ್ಟಿಗೆ ಬರುತ್ತವೆ. ಜಾಲತಾಣದ ಪುಟದಲ್ಲಿ ಪಠ್ಯ ಮಾತ್ರ ಉಳಿದು ಉಳಿದೆರಡು ಕಳಚಿಹೋಗುವುದೇ ಈ ಪ್ರಬಂಧ ಚರ್ಚಿಸುವ ಮೂಲ ದೋಷ.

3. ಕೊಡಗಿನ ಎರಡು ಕತ್ತಿಗಳು

ಕರ್ನಾಟಕದ ಕತ್ತಿಗಳಲ್ಲಿ ಹೊರಗಿನ ಲೋಕದ ಗಮನವನ್ನು ಹೆಚ್ಚಾಗಿ ಸೆಳೆದವು ಕೊಡಗಿನ ಪೀಚೆಕತ್ತಿ ಮತ್ತು ಒಡಿಕತ್ತಿ. ಕೊಡವ ಪುರುಷನ ಸಾಂಪ್ರದಾಯಿಕ ಉಡುಪಾದ ಕುಪ್ಯದ ಮೇಲೆ ಕಟ್ಟುವ ಕೆಂಪು ರೇಷ್ಮೆಯ ಚೇಲೆಯಲ್ಲಿ, ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವುದು ಪೀಚೆಕತ್ತಿ. ಅದರ ಒರೆಗೆ ಬೆಳ್ಳಿಯ ಕೆಲಸವಿರುತ್ತದೆ. ಹಳೆಯ ಮಾದರಿಗಳಲ್ಲಿ ಬೆಳ್ಳಿಯ ಸರಪಣಿಯ ತುದಿಗೆ ಕಿವಿಗುಗ್ಗೆ ತೆಗೆಯುವ ಕಡ್ಡಿ, ಚಿಮಟಿಗೆಯಂತಹ ಪುಟ್ಟ ಸಲಕರಣೆಗಳನ್ನು ತೂಗುಬಿಡುವ ರೂಢಿಯೂ ಇತ್ತು. ಒಡಿಕತ್ತಿ ಅಗಲವಾದ, ಒಳಬಾಗಿದ, ತುದಿಯ ಕಡೆಗೆ ತೂಕ ಹೆಚ್ಚಿರುವ ಅಲಗು. ಅದನ್ನು ಬೆನ್ನಿನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸಲಾಗುತ್ತದೆ.

ಈ ಕತ್ತಿಗಳು ಅಲಂಕಾರದ ವಸ್ತುಗಳಾಗಿ ಮಾತ್ರ ಉಳಿದಿಲ್ಲ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಕಡಿಯುವುದು ಗೌರವದ ವಿಧಿ. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ಗಂಧ ಹಚ್ಚಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಈ ಬಗೆಯ ಆಚರಣೆಗಳನ್ನೂ ಹಾಡುಗಳನ್ನೂ ಆ ಸಮುದಾಯದ ಭಾಷೆಯಲ್ಲಿಯೇ ದಾಖಲಿಸಿದ ಮಹತ್ವದ ಸಂಕಲನ. ಹೀಗೆ ಕತ್ತಿಯನ್ನು ಧರಿಸುವವರ ಪರಂಪರೆಗೆ ಒಳ್ಳೆಯ ದಾಖಲೆಯಿದೆ.

ಮಾಡುವವರ ಪರಂಪರೆಗೆ ಅಂತಹ ದಾಖಲೆ ದೊರೆತಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕೊಡಗಿನಲ್ಲಿ ಕಮ್ಮಾರಿಕೆ ಮತ್ತು ಬಡಗಿ ಕೆಲಸ ಐರಿ ಸಮುದಾಯದ ಪಾರಂಪರಿಕ ವೃತ್ತಿಗಳು. ಕೊಡವ ಭಾಷೆಯನ್ನೇ ಆಡುವ ಈ ಸಮುದಾಯದ ಕೈಗಳಿಂದ ಬಂದ ಕತ್ತಿ, ಸಾಹಿತ್ಯದಲ್ಲಿ ಧರಿಸಿದವನ ಶೌರ್ಯದ ಗುರುತಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಮಾಡಿದವನ ಕೌಶಲದ ಗುರುತಾಗಿ ಅಲ್ಲ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿ, ಎಗರ್ಟನ್ 1880ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಸಚಿತ್ರ ಕೈಪಿಡಿ, ಸ್ಟೋನ್ 1934ರಲ್ಲಿ ಹೊರತಂದ ಆಯುಧಗಳ ಪದಕೋಶ ಇವೆಲ್ಲವುಗಳ ಆಸಕ್ತಿ ಜನಾಂಗ, ಪ್ರದೇಶ ಮತ್ತು ಆಕಾರಗಳ ಮೇಲಿದೆ. ಯಾರ ಕುಲುಮೆ, ಯಾವ ಕಬ್ಬಿಣ, ಎಂತಹ ಹದ ಎಂಬ ಪ್ರಶ್ನೆಗಳು ಆ ಚೌಕಟ್ಟಿಗೆ ಸೇರಿದವಲ್ಲ. ನಮ್ಮ ಜಾನಪದ ವಸ್ತುಸಂಗ್ರಹಾಲಯಗಳೂ ಈ ವಿಷಯದಲ್ಲಿ ಬಹಳ ಮುಂದೆ ಹೋಗಿಲ್ಲ. ಮೈಸೂರಿನ ಜಯಲಕ್ಷ್ಮಿವಿಲಾಸದಲ್ಲಿರುವ ವಿಶ್ವವಿದ್ಯಾನಿಲಯದ ಸಂಗ್ರಹ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇವು ನಾಶವಾಗಿ ಹೋಗಬಹುದಾಗಿದ್ದ ಸಾವಿರಾರು ವಸ್ತುಗಳನ್ನು ಉಳಿಸಿಕೊಟ್ಟಿವೆ. ಈ ಋಣವನ್ನು ಒಪ್ಪಿಕೊಂಡೇ ಹೇಳುವುದಾದರೆ, ವಸ್ತುವಿನ ಹೆಸರು, ಬಳಕೆ, ಪ್ರದೇಶಗಳನ್ನು ಬರೆದು ಮಾಡಿದವನ ಹೆಸರಿನ ಜಾಗವನ್ನು ಖಾಲಿ ಬಿಡುವುದು ನಮ್ಮ ಶಿಸ್ತಿನ ಸಾಮಾನ್ಯ ರೂಢಿಯಾಗಿದೆ.

ಈ ರೂಢಿಗೆ ಒಂದು ತಾತ್ವಿಕ ಸಮರ್ಥನೆಯೂ ಇತ್ತು. ಆನಂದ ಕುಮಾರಸ್ವಾಮಿಯವರು 1909ರ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಗ್ರಂಥದಲ್ಲಿ ಭಾರತೀಯ ಕುಶಲಕರ್ಮಿಯನ್ನು ಪರಂಪರೆಯ ಮತ್ತು ಸಮುದಾಯದ ಭಾಗವಾಗಿ ಕಂಡರು. ಕೈಗಾರಿಕೆಯ ಯಂತ್ರಗಳ ಎದುರು ಆ ನೋಟ ಕುಶಲಕರ್ಮಿಯ ಘನತೆಯನ್ನು ಎತ್ತಿ ಹಿಡಿಯಿತು. ಆದರೆ ಅನಾಮಧೇಯತೆಯನ್ನು ಗುಣವೆಂದು ಸಾರುತ್ತ ಬಂದ ವಿದ್ವತ್ತು, ಅದರ ಬೆಲೆ ತೆರುವವರು ಯಾರು ಎಂದು ಕೇಳಿಕೊಂಡಿಲ್ಲ. ಹಾಡಿನ ಕರ್ತೃ ಅಜ್ಞಾತನಾದರೆ ಹಾಡಿಗೆ ನಷ್ಟವಿಲ್ಲ. ಕತ್ತಿ ಮಾಡುವವನು ಇಂದು ಅಜ್ಞಾತನಾಗಿ ಉಳಿದರೆ, ಅವನ ಕತ್ತಿಯನ್ನು ಹತ್ತು ಪಟ್ಟು ಬೆಲೆಗೆ ಮಾರುವ ನಡುವಿನವನ ಹೆಸರು ಅದರ ಮೇಲೆ ಬರುತ್ತದೆ. ಮೈಕೆಲ್ ಓವನ್ ಜೋನ್ಸ್ 1975ರಲ್ಲಿ ಕೆಂಟಕಿಯ ಕುರ್ಚಿ ಮಾಡುವವರನ್ನು ಕುರಿತು ಬರೆದ ಗ್ರಂಥದಲ್ಲಿ, ವಸ್ತುವನ್ನು ಅರಿಯಲು ಅದನ್ನು ಮಾಡಿದ ವ್ಯಕ್ತಿಯ ಬದುಕು, ಅಭಿರುಚಿ, ಗಿರಾಕಿಗಳೊಡನೆ ಅವನ ಸಂಬಂಧ ಇವೆಲ್ಲವನ್ನೂ ನೋಡಬೇಕೆಂದು ತೋರಿಸಿಕೊಟ್ಟರು. ಕತ್ತಿ ಮಾಡುವವನ ಜಾಲತಾಣ ಜಾನಪದ ವಿದ್ವಾಂಸನಿಗೆ ಮುಖ್ಯವಾಗುವುದು ಈ ಕಾರಣದಿಂದ. ನಮ್ಮ ಸೂಚಿಗಳು ಖಾಲಿ ಬಿಟ್ಟ ಹೆಸರಿನ ಜಾಗವನ್ನು ಮಾಡುವವನೇ ತುಂಬಬಲ್ಲ ಒಂದು ಅವಕಾಶ ಅದು.

4. ರೂಢಿಯಲ್ಲಿರುವ ಮಾದರಿಯ ಗುಣದೋಷಗಳು

ಹೇಳಿ ಮಾಡಿಸುವ ಚಾಕುಗಳ ಆಧುನಿಕ ಮಾರುಕಟ್ಟೆ ರೂಪುಗೊಂಡದ್ದು ಅಮೆರಿಕದಲ್ಲಿ. ಫ್ಲಾರಿಡಾದ ಒರ್ಲಾಂಡೊದಲ್ಲಿ 1930ರ ದಶಕದ ಕೊನೆಯಲ್ಲಿ ಆರಂಭವಾದ ರಾಂಡಾಲ್ ಚಾಕುಗಳ ಕಾರ್ಯಾಗಾರ ತನ್ನ ಮುದ್ರಿತ ಸೂಚಿಯ ಮೂಲಕ ದೂರದ ಗಿರಾಕಿಗಳನ್ನು ತಲುಪಿತು. 1970ರಲ್ಲಿ ಚಾಕು ತಯಾರಕರ ಸಂಘವೂ 1976ರಲ್ಲಿ ಕುಲುಮೆಯಲ್ಲಿ ಬಡಿದು ಅಲಗು ಮಾಡುವವರ ಪ್ರತ್ಯೇಕ ಸಂಸ್ಥೆಯೂ ಅಲ್ಲಿ ಸ್ಥಾಪನೆಗೊಂಡವು. ಇಂದಿನ ಜಾಲತಾಣಗಳ ವಿನ್ಯಾಸ ಬಹುಮಟ್ಟಿಗೆ ಆ ಮುದ್ರಿತ ಸೂಚಿಗಳ ಮುಂದುವರಿಕೆ. ಆದ್ದರಿಂದ ಅದರ ಗುಣ ಮತ್ತು ದೋಷ ಎರಡನ್ನೂ ಪರಿಶೀಲಿಸಬೇಕು.

ಮೊದಲನೆಯ ಗುಣ ಹೆಸರು. ಅಲಗಿನ ಮೇಲೆ ಮಾಡಿದವನ ಮುದ್ರೆಯಿರುತ್ತದೆ, ಜಾಲತಾಣಕ್ಕೂ ಅದೇ ಹೆಸರಿರುತ್ತದೆ. ಎರಡನೆಯ ಗುಣ ಪರೀಕ್ಷೆ. ಮೇಲೆ ಹೇಳಿದ ಎರಡನೆಯ ಸಂಸ್ಥೆಯಲ್ಲಿ ಮೇಲಿನ ದರ್ಜೆಗೆ ಏರಬಯಸುವವನು ತೂಗುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಎರಡಕ್ಕೆ ನಾಲ್ಕು ಅಂಗುಲ ಅಳತೆಯ ಮರದ ಪಟ್ಟಿಯನ್ನು ಎರಡು ಬಾರಿ ಕಡಿದು ತುಂಡು ಮಾಡಬೇಕು. ಅದಾದ ಮೇಲೂ ಅದೇ ಅಲಗು ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿರಬೇಕು. ಕೊನೆಗೆ ಇಡುಕಿನಲ್ಲಿ ಹಿಡಿದು 90 ಡಿಗ್ರಿ ಬಗ್ಗಿಸಿದಾಗ ಎರಡಾಗಿ ಮುರಿಯಬಾರದು. ಗಡಸುತನ ಮತ್ತು ಬಾಗುವ ಗುಣ ಒಂದೇ ಅಲಗಿನಲ್ಲಿ ಸೇರಿರಬೇಕೆಂಬ ನಮ್ಮ ಕುಲುಮೆಯ ಹದದ ಕಲ್ಪನೆಯನ್ನೇ ಈ ಪರೀಕ್ಷೆ ಎಲ್ಲರ ಮುಂದೆ ಸಾಬೀತುಪಡಿಸುತ್ತದೆ. ನಮ್ಮಲ್ಲಿ ಊರಿನ ಬಳಕೆಯೇ ಪರೀಕ್ಷೆಯಾಗಿತ್ತು. ಊರು ಕಳಚಿಹೋದ ಮೇಲೆ ಅದಕ್ಕೆ ಬದಲಾಗಿ ಏನನ್ನು ಇಡಬೇಕೆಂಬುದನ್ನು ಈ ಕ್ರಮದಿಂದ ಕಲಿಯಬಹುದು.

ದೋಷಗಳಲ್ಲಿ ಮೊದಲನೆಯದು ಛಾಯಾಚಿತ್ರದ ರೀತಿ. ಕಪ್ಪು ಹಿನ್ನೆಲೆಯಲ್ಲಿ, ಓರೆಯಾಗಿ ಬಿದ್ದ ಬೆಳಕಿನಲ್ಲಿ, ಯಾವುದಕ್ಕೂ ತಾಗದೆ ತೇಲುತ್ತಿರುವಂತೆ ಕತ್ತಿಯನ್ನು ತೋರಿಸುವುದು ಈಗಿನ ರೂಢಿ. ಆಭರಣದ ಅಂಗಡಿಯಿಂದ ಬಂದ ಈ ಕ್ರಮದಲ್ಲಿ ಕೈ ಇಲ್ಲ, ಕೆಲಸ ಇಲ್ಲ, ಗಾತ್ರವನ್ನು ಅಂದಾಜು ಮಾಡಲು ಪಕ್ಕದಲ್ಲೊಂದು ವಸ್ತುವೂ ಇಲ್ಲ. ನೋಡುವವನಿಗೆ ಹೊಳಪು ದೊರೆಯುತ್ತದೆ, ತೂಕ ದೊರೆಯುವುದಿಲ್ಲ. ಚಿನ್ನದ ಚೂರಿಯೆಂದು ಕುತ್ತಿಗೆ ಕೊಯ್ದುಕೊಳ್ಳಲಾಗುವುದಿಲ್ಲ ಎಂಬ ಗಾದೆಯನ್ನು ಬಲ್ಲ ಜನರಿಗೆ ಹೊಳಪೊಂದೇ ಸಾಕ್ಷಿಯಾಗಬಾರದು.

ಎರಡನೆಯ ದೋಷ ಪದಗಳದು. ‘ಡಮಾಸ್ಕಸ್’ ಎಂಬ ಪದವನ್ನೇ ನೋಡಬಹುದು. ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಮಡಚಿ, ಆಮ್ಲದಲ್ಲಿ ಅದ್ದಿ ಗೆರೆಗಳನ್ನು ಎಬ್ಬಿಸಿದ ಅಲಗಿಗೆ ಇಂದು ಈ ಹೆಸರು. 1973ರಲ್ಲಿ ಅಮೆರಿಕದ ವಿಲಿಯಂ ಮೋರನ್ ಅಂತಹ ಅಲಗುಗಳನ್ನು ಪ್ರದರ್ಶಿಸಿದ ಮೇಲೆ ಈ ಬಳಕೆ ಹಬ್ಬಿತು. ಚರಿತ್ರೆಯ ಡಮಾಸ್ಕಸ್ ಅಲಗುಗಳ ಮೂಲ ಬೇರೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉಕ್ಕಿನಿಂದ ಅವುಗಳ ಗೆರೆಗಳು ಹುಟ್ಟುತ್ತಿದ್ದವು. ಯುರೋಪಿಯನ್ನರು ‘ವೂಟ್ಜ್’ ಎಂದು ಬರೆದುಕೊಂಡ ಆ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದುದೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಗಿದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಮಧುಗಿರಿಯ ಆಸುಪಾಸಿನ ಉಕ್ಕಿನ ತಯಾರಿಕೆಯನ್ನೂ ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ತಯಾರಾಗುತ್ತಿದ್ದ ಉಕ್ಕಿನ ತಂತಿಯನ್ನೂ ವರ್ಣಿಸಿದ್ದಾನೆ. ಮೈಕೆಲ್ ಫ್ಯಾರಡೆ 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದ. ಬೆಂಗಳೂರಿನ ವಿದ್ವಾಂಸರಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಇದರ ಚರಿತ್ರೆಯನ್ನು ಗ್ರಂಥರೂಪದಲ್ಲಿ ತಂದರು. ಇಂತಹ ಹಿನ್ನೆಲೆಯುಳ್ಳ ನಾಡಿನ ಕತ್ತಿಯ ಪುಟದಲ್ಲಿ ಪದರ ಬೆಸೆದ ಉಕ್ಕನ್ನು ಡಮಾಸ್ಕಸ್ ಎಂದು ಕರೆಯುವುದು ಎರಡು ಬಗೆಯ ತಪ್ಪು. ವಸ್ತುವಿನ ಬಗ್ಗೆ ಅದು ಸರಿಯಾದ ಮಾಹಿತಿ ನೀಡುವುದಿಲ್ಲ, ನಮ್ಮದೇ ಪದವನ್ನೂ ಮರೆಸುತ್ತದೆ. ‘ಪದರ ಬೆಸುಗೆಯ ಉಕ್ಕು’ ಎಂದು ಬರೆದರೆ ಸುಳ್ಳೂ ಇಲ್ಲ, ನಷ್ಟವೂ ಇಲ್ಲ. ಲಾರಿಯ ಕಮಾನುಪಟ್ಟಿಯಿಂದ ಮಾಡಿದ್ದನ್ನು ಹಾಗೆಂದೇ ಬರೆಯಲು ಸಂಕೋಚಪಡಬೇಕಾಗಿಲ್ಲ. ಅದು ಒಳ್ಳೆಯ ಉಕ್ಕು.

ಮೂರನೆಯ ದೋಷ ಅಂಕಿಯ ಮೋಹ. ರಾಕ್‌ವೆಲ್ ಮಾನದಲ್ಲಿ 58 ಅಥವಾ 60 ಎಂದು ಗಡಸುತನವನ್ನು ನಮೂದಿಸುವುದು ತಪ್ಪಲ್ಲ. ಆದರೆ ಹೆಚ್ಚು ಅಂಕಿಯೆಂದರೆ ಹೆಚ್ಚು ಒಳ್ಳೆಯದೆಂಬ ಭಾವನೆಯನ್ನು ಪುಟ ಮೂಡಿಸಿದರೆ ಬಾಳೆಯ ದಿಂಡನ್ನೂ ಕಟ್ಟಿಗೆಯನ್ನೂ ಕಡಿಯಬೇಕಾದ ಒಡಿಕತ್ತಿಯ ಗಿರಾಕಿ ದಾರಿ ತಪ್ಪುತ್ತಾನೆ. ಅಂಕಿಯ ಪಕ್ಕದಲ್ಲಿ ಕೆಲಸದ ಹೆಸರು ಇಲ್ಲದಿದ್ದರೆ ಅದು ಮಾಹಿತಿಯಾಗುವುದಿಲ್ಲ.

ನಾಲ್ಕನೆಯದೂ ಅತ್ಯಂತ ಗಂಭೀರವಾದದ್ದೂ ಬೇಡಿಕೆಯ ನಮೂನೆ. ಮಾದರಿ ಸಂಖ್ಯೆ, ಅಲಗಿನ ಉದ್ದ, ಹಿಡಿಯ ಮರ, ಒರೆಯ ಬಣ್ಣ ಇವುಗಳಲ್ಲಿ ಒಂದೊಂದನ್ನು ಗುರುತಿಸುವ ಪಟ್ಟಿಯನ್ನು ಕೊಟ್ಟು ಅದನ್ನೇ ಹೇಳಿ ಮಾಡಿಸುವುದು ಎಂದು ಕರೆಯಲಾಗುತ್ತದೆ. ಇದು ಆಯ್ಕೆ ಮಾತ್ರ. ಪಟ್ಟಿಯಲ್ಲಿ ಇರುವುದನ್ನಷ್ಟೇ ಆರಿಸಬಹುದು, ಇಲ್ಲದ್ದನ್ನು ಹೇಳಲಾಗುವುದಿಲ್ಲ. ಕುಲುಮೆಗೆ ಬಂದವನ ಬಾಯಿಂದ ಕೆಲಸದ ವಿವರವನ್ನು ಹೊರಡಿಸುತ್ತಿದ್ದ ಕಮ್ಮಾರನ ಪ್ರಶ್ನೆಗಳು ಇಲ್ಲಿ ಇಲ್ಲ. ಹೀಗಾಗಿ ಗಿರಾಕಿಗೆ ತನ್ನ ಕೆಲಸದ ಬಗ್ಗೆ ಗೊತ್ತಿರುವುದು ಮಾಡುವವನನ್ನು ತಲುಪುವುದೇ ಇಲ್ಲ.

5. ವಿನ್ಯಾಸದ ನೆಲೆಗಳು

ಮೇಲಿನ ಪರಿಶೀಲನೆಯಿಂದ ಕತ್ತಿ ಮಾಡುವವನ ಜಾಲತಾಣಕ್ಕೆ ಕೆಲವು ನೆಲೆಗಳನ್ನು ಸೂಚಿಸಬಹುದು.

ಮುಖಪುಟದಲ್ಲಿ ಮೊದಲು ಬರಬೇಕಾದದ್ದು ಮಾಡಿದವನ ಹೆಸರು, ಊರು ಮತ್ತು ಕೆಲಸ ಮಾಡುತ್ತಿರುವ ಕೈ. ಕಲಿಸಿದವರು ಯಾರು, ಅಲಗು ಯಾರದು, ಬೆಳ್ಳಿಯ ಕೆಲಸ ಯಾರದು, ಹಿಡಿ ಕೂಡಿಸಿದವರು ಯಾರು ಎಂಬುದನ್ನು ಅವರವರ ಒಪ್ಪಿಗೆಯ ಮೇರೆಗೆ ಬರೆಯಬೇಕು. ಪೀಚೆಕತ್ತಿಯಂತಹ ವಸ್ತುವಿನಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿರುವುದರಿಂದ ಒಬ್ಬನ ಹೆಸರಿನಲ್ಲಿ ಎಲ್ಲವನ್ನೂ ಅಡಗಿಸುವುದು ಹಳೆಯ ಅನ್ಯಾಯವನ್ನೇ ಹೊಸ ರೂಪದಲ್ಲಿ ಮುಂದುವರಿಸಿದಂತೆ.

ಪ್ರತಿಯೊಂದು ಕತ್ತಿಗೂ ಕನಿಷ್ಠ ಮೂರು ಚಿತ್ರಗಳಿರಬೇಕು: ಕೈಯಲ್ಲಿ ಹಿಡಿದದ್ದು, ಕೆಲಸ ಮಾಡುತ್ತಿರುವುದು, ಅಲಗಿನ ಬೆನ್ನಿನ ಕಡೆಯಿಂದ ದಪ್ಪ ಕಾಣುವಂತೆ ತೆಗೆದದ್ದು. ಇದರೊಡನೆ ತೂಕವನ್ನು ಗ್ರಾಮಿನಲ್ಲಿ ಕೊಡಬೇಕು. ಬಾಳೆಯ ದಿಂಡನ್ನೋ ಹಗ್ಗವನ್ನೋ ಕಡಿಯುವ ಒಂದು ನಿಮಿಷದ ವೀಡಿಯೊ, ಹತ್ತು ಸಾಲಿನ ಹೊಗಳಿಕೆಗಿಂತ ಹೆಚ್ಚು ವಿಶ್ವಾಸಾರ್ಹ. ಚಿತ್ರಗಳ ಗಾತ್ರ ಚಿಕ್ಕದಾಗಿರಬೇಕು. ಸಂಪರ್ಕ ದುರ್ಬಲವಾಗಿರುವ ತೋಟದ ಮನೆಯಲ್ಲಿಯೂ ಪುಟ ತೆರೆದುಕೊಳ್ಳದಿದ್ದರೆ, ಕತ್ತಿಯನ್ನು ನಿಜವಾಗಿ ಬಳಸುವವನೇ ಹೊರಗುಳಿಯುತ್ತಾನೆ.

ಭಾಷೆಯ ವಿಷಯದಲ್ಲಿ ಕನ್ನಡವೂ ಸ್ಥಳೀಯ ಹೆಸರುಗಳೂ ಪುಟದ ಮೂಲ ಪಠ್ಯದಲ್ಲಿಯೇ ಇರಬೇಕು. ಪೀಚೆಕತ್ತಿ, ಒಡಿಕತ್ತಿ, ತೊಡಂಗ್, ಮೆಟ್ಟುಗತ್ತಿ, ಈಳಿಗೆಮಣೆ ಎಂಬ ಹೆಸರುಗಳನ್ನು ಯೂನಿಕೋಡ್ ಅಕ್ಷರಗಳಲ್ಲಿ ಬರೆದರೆ ಮಾತ್ರ ಹುಡುಕುವವನಿಗೆ ಅವು ದೊರೆಯುತ್ತವೆ. ಚಿತ್ರದೊಳಗೆ ಕೆತ್ತಿದ ಅಕ್ಷರಗಳು ನೋಡಲು ಚೆನ್ನಾಗಿದ್ದರೂ ಹುಡುಕಾಟದ ಯಂತ್ರ ಸಾಮಾನ್ಯವಾಗಿ ಅವನ್ನು ಓದಿಕೊಳ್ಳುವುದಿಲ್ಲ. ಪದಗಳು ಹೀಗೆ ಉಳಿದರೆ ಜಾಲತಾಣವೇ ಒಂದು ವೃತ್ತಿಪದಕೋಶವೂ ಆಗುತ್ತದೆ.

ಬೇಡಿಕೆಯ ಪುಟವನ್ನು ಪ್ರಶ್ನೆಗಳಿಂದ ಕಟ್ಟಬೇಕು. ಏನನ್ನು ಕಡಿಯುತ್ತೀರಿ? ದಿನಕ್ಕೆ ಎಷ್ಟು ಹೊತ್ತು ಬಳಸುತ್ತೀರಿ? ನಿಂತು ಕೆಲಸ ಮಾಡುತ್ತೀರೋ ಕುಳಿತೋ? ಯಾವ ಕೈ? ಈಗ ಬಳಸುತ್ತಿರುವ ಕತ್ತಿಯಲ್ಲಿ ನಿಮಗೆ ಒಗ್ಗದಿರುವುದು ಏನು? ಹಳೆಯ ಕತ್ತಿಯ ಚಿತ್ರ ಕಳುಹಿಸಬಲ್ಲಿರಾ? ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಅದರ ಚಿತ್ರ ಕಳುಹಿಸಿದರೆ ಹಿಡಿಯ ಅಳತೆಯೂ ಸಿಕ್ಕಿತು. ಇದಾದ ಮೇಲೆ ಒಂದು ದೂರವಾಣಿ ಮಾತುಕತೆಗೆ ಸಮಯ ಗೊತ್ತುಪಡಿಸಬೇಕು. ಕತ್ರಿಗುಪ್ಪೆಯ ಮನೆಯಲ್ಲಿ ಕುಳಿತವನಿಗೆ ಕುಲುಮೆಯ ಮುಂದಿನ ಜಗಲಿ ಇಷ್ಟರಮಟ್ಟಿಗಾದರೂ ಮರಳಿ ದೊರೆಯುತ್ತದೆ. ಕಾಯಬೇಕಾದ ಅವಧಿಯನ್ನೂ ಬೆಲೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಲೆಯಲ್ಲಿ ಉಕ್ಕಿಗೆಷ್ಟು, ಬೆಳ್ಳಿಗೆಷ್ಟು, ಕೂಲಿಗೆಷ್ಟು ಎಂದು ವಿಂಗಡಿಸಿ ತೋರಿಸಿದರೆ ಚೌಕಾಸಿಯ ಹೊಡೆತ ಕೂಲಿಯ ಮೇಲೆ ಬೀಳುವುದು ತಪ್ಪೀತು.

ಮಾರಾಟವಾದ ಕತ್ತಿಗಳ ಪುಟವನ್ನು ಅಳಿಸಬಾರದು. ವರ್ಷ, ಬಳಸಿದ ಉಕ್ಕು, ಉದ್ದೇಶಗಳೊಡನೆ ಅವನ್ನು ಉಳಿಸಿಕೊಂಡರೆ ಮುಂದಿನ ಸಂಶೋಧಕನಿಗೆ ಅದೊಂದು ದಾಖಲೆಯಾಗುತ್ತದೆ. ಇದಕ್ಕಾಗಿ ತಾಣದ ವಿಳಾಸವೂ ಚಿತ್ರಗಳೂ ಮಾಡುವವನ ಹೆಸರಿನಲ್ಲಿಯೇ ಇರಬೇಕು. ಪರರ ಮಾರುಕಟ್ಟೆಯ ತಾಣದಲ್ಲಿಟ್ಟ ಚಿತ್ರ ಆ ತಾಣ ಮುಚ್ಚಿದ ದಿನವೇ ಕಾಣೆಯಾಗುತ್ತದೆ. ಸಾಣೆ, ದುರಸ್ತಿ, ಹಿಡಿ ಬದಲಾವಣೆಗಳಿಗೆ ಒಂದು ಪುಟವಿರಬೇಕು. ಇಂಗಾಲದ ಉಕ್ಕು ತುಕ್ಕು ಹಿಡಿಯುತ್ತದೆ, ಬಳಸಿದ ಮೇಲೆ ಒರೆಸಿ ಎಣ್ಣೆ ಸವರಬೇಕು ಎಂಬುದನ್ನು ಮೊದಲೇ ತಿಳಿಸಿದರೆ ಅನಗತ್ಯ ದೂರುಗಳು ತಪ್ಪುತ್ತವೆ.

ಆಚರಣೆಯ ವಿವರಗಳನ್ನು ಬರೆಯುವಾಗ ವಿಶೇಷ ಎಚ್ಚರಿಕೆ ಬೇಕು. ಕೈಲ್‌ಪೊಳ್ದ್, ಮದುವೆಯ ವಿಧಿಗಳು ಒಂದು ಸಮುದಾಯದ ಜೀವಂತ ಆಚರಣೆಗಳು. ಅವನ್ನು ಮಾರಾಟದ ಮಾತಾಗಿ ಬಳಸಿ ‘ಯೋಧರ ಕತ್ತಿ’ ಎಂದು ಅಬ್ಬರಿಸುವುದು ಸಲ್ಲದು. ಯಾವ ಸಂದರ್ಭದಲ್ಲಿ, ಯಾರು, ಹೇಗೆ ಧರಿಸುತ್ತಾರೆ ಎಂಬುದನ್ನು ಆ ಸಮುದಾಯದವರಿಂದಲೇ ಕೇಳಿ ನಾಲ್ಕು ಸಾಲು ಬರೆದರೆ ಸಾಕು.

ಕಾನೂನಿನ ಮಾಹಿತಿಯೂ ಪುಟದ ಭಾಗವಾಗಬೇಕು. 1959ರ ಆಯುಧ ಕಾಯಿದೆ ಗೃಹಬಳಕೆಗೆ ಅಥವಾ ಕೃಷಿಗೆ ಮಾತ್ರ ರೂಪಿಸಿದ ಸಲಕರಣೆಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂತಹವಲ್ಲದ, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ನಿಯಮಗಳು ಪ್ರತ್ಯೇಕ ವರ್ಗದಲ್ಲಿ ಹೆಸರಿಸುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಆ ವಿನಾಯಿತಿ ಕತ್ತಿ ಕೊಳ್ಳುವ ಎಲ್ಲರಿಗೂ ತಾನಾಗಿ ಸಲ್ಲುವುದಿಲ್ಲ. ಹಾಗೆಯೇ ದಂತದ ಹಿಡಿಯ ಹಳೆಯ ಮಾದರಿಯನ್ನು ಇಂದು ಮುಂದುವರಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ಬಳಿಕ ದೇಶದೊಳಗೆ ದಂತದ ವ್ಯಾಪಾರ ನಿಷಿದ್ಧ. ಹಿಡಿ ಯಾವ ಮರದ್ದು, ಯಾವ ಲೋಹದ್ದು ಎಂದು ಸ್ಪಷ್ಟವಾಗಿ ಬರೆಯುವುದು ಗಿರಾಕಿಯ ಹಿತಕ್ಕೂ ಮಾಡುವವನ ರಕ್ಷಣೆಗೂ ಅಗತ್ಯ.

6. ಉಪಸಂಹಾರ

ಈ ಸೂಚನೆಗಳಿಗೆ ಒಂದು ಆಕ್ಷೇಪ ಬರಬಹುದು. ದಿನವಿಡೀ ಕುಲುಮೆಯ ಮುಂದೆ ದುಡಿಯುವವನು ಇಷ್ಟೆಲ್ಲ ಬರೆಯುವುದು, ಚಿತ್ರ ತೆಗೆಯುವುದು, ಮಾತನಾಡುವುದು ಹೇಗೆ ಸಾಧ್ಯ? ಆಕ್ಷೇಪ ನ್ಯಾಯವಾದುದು. ದೊಡ್ಡ ಮಾರುಕಟ್ಟೆಯ ತಾಣಗಳು ಗೆಲ್ಲುವುದೂ ಈ ಕಾರಣದಿಂದಲೇ. ಹೊರೆಯನ್ನು ಅವು ಹೊರುತ್ತವೆ, ಅದಕ್ಕೆ ಪ್ರತಿಯಾಗಿ ಹೆಸರನ್ನು ತೆಗೆದುಕೊಳ್ಳುತ್ತವೆ. ಜಾನಪದ ಅಧ್ಯಯನ ವಿಭಾಗಗಳ, ಅಕಾಡೆಮಿಗಳ ಪಾತ್ರ ಬರುವುದು ಇಲ್ಲಿ. ಕ್ಷೇತ್ರಕಾರ್ಯದಲ್ಲಿ ವಿದ್ಯಾರ್ಥಿಗಳು ಸಂಗ್ರಹಿಸುವ ಪದಗಳು, ಚಿತ್ರಗಳು, ಮಾತುಕತೆಗಳು ಪ್ರೌಢಪ್ರಬಂಧಗಳ ಅನುಬಂಧದಲ್ಲಿ ಉಳಿದುಬಿಡುತ್ತವೆ. ಅವುಗಳ ಒಂದು ಪ್ರತಿಯನ್ನು ಮಾಹಿತಿ ನೀಡಿದ ಕಮ್ಮಾರನಿಗೇ, ಅವನು ಬಳಸಬಲ್ಲ ರೂಪದಲ್ಲಿ, ಅವನ ಒಡೆತನದಲ್ಲಿ ಒಪ್ಪಿಸುವುದನ್ನು ಕ್ಷೇತ್ರಕಾರ್ಯದ ಕಡ್ಡಾಯ ಭಾಗವನ್ನಾಗಿ ಮಾಡಬಹುದು. ವಸ್ತುಸಂಗ್ರಹಾಲಯಗಳು ಇನ್ನು ಮುಂದೆ ಸೇರಿಸಿಕೊಳ್ಳುವ ವಸ್ತುಗಳ ಸೂಚಿಯಲ್ಲಿ ಮಾಡಿದವನ ಹೆಸರಿನ ಕಲಮನ್ನು ಸೇರಿಸಬಹುದು. ಇವೆರಡಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ.

ಜಾಲತಾಣವೊಂದು ಕುಲುಮೆಯನ್ನು ಉಳಿಸುತ್ತದೆ ಎಂದು ನಂಬಲು ಆಧಾರವಿಲ್ಲ. ಮಗನೋ ಮಗಳೋ ಆ ಕೆಲಸವನ್ನು ಮುಂದುವರಿಸಬೇಕಾದರೆ ಅದರಿಂದ ಬದುಕು ಸಾಗಬೇಕು, ಅದಕ್ಕೆ ಗೌರವವೂ ದೊರೆಯಬೇಕು. ಬದುಕು ಸಾಗಲು ನ್ಯಾಯವಾದ ಬೆಲೆ ಬೇಕು, ಗೌರವ ದೊರೆಯಲು ಹೆಸರು ಬೇಕು. ಸರಿಯಾಗಿ ರೂಪಿಸಿದ ಜಾಲತಾಣ ಈ ಎರಡಕ್ಕೂ ದಾರಿ ಮಾಡಬಲ್ಲದು. ತಪ್ಪಾಗಿ ರೂಪಿಸಿದ್ದು ಎರಡನ್ನೂ ನಡುವಿನವನಿಗೆ ಒಪ್ಪಿಸುತ್ತದೆ. ಗಿರಾಕಿಗೆ ಹೇಳಲು ಅವಕಾಶವಿದೆಯೇ, ಮಾಡಿದವನ ಹೆಸರು ಕಾಣುತ್ತದೆಯೇ, ಕತ್ತಿಯ ಕೆಲಸ ತಿಳಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಇಂತಹ ಪುಟಗಳನ್ನು ಅಳೆಯುವುದು, ಅಳೆದ ಫಲಿತವನ್ನು ಮಾಡುವವರೊಡನೆ ಹಂಚಿಕೊಳ್ಳುವುದು ಭೌತಿಕ ಸಂಸ್ಕೃತಿಯ ಅಧ್ಯಯನದ ಮುಂದಿರುವ ತುರ್ತು ಕಾರ್ಯವೆಂದು ಹೇಳಬಹುದು.